ಗಾಳಿಗೆ ಬೈಯುವ ಮೊದಲು ಸೂತ್ರ ಅಳೆಯಿರಿ

ಪಟ ಸರಿಯಾಗಿ ಹಾರದಿದ್ದರೆ ನಮ್ಮಲ್ಲಿ ಮೊದಲು ಬೈಗುಳ ತಿನ್ನುವುದು ಗಾಳಿ. ಬೆಳ್ತಂಗಡಿಯಲ್ಲಿ ಘಟ್ಟದ ಬುಡದ ಸುಳಿಗಾಳಿ, ಬಂಟ್ವಾಳದಲ್ಲಿ ಅಡಿಕೆ ತೋಟಗಳ ಮರೆ, ಮೂಡುಬಿದಿರೆಯ ಪದವಿನಲ್ಲಿ ಬಿಟ್ಟುಬಿಟ್ಟು ಬೀಸುವ ಗಾಳಿ. ನೆಪಕ್ಕೇನೂ ಬರವಿಲ್ಲ. ಈ ಮೂರೂ ಕಡೆ ಫಾಯಿಲ್ ಪಟ ಹಾರಿಸಿದ ಮೇಲೆ ನನಗೆ ಮನವರಿಕೆಯಾದದ್ದು ಬೇರೆ: ಪಟ ಹಳತಾಗಿ ಜಡವಾದರೆ ಮೊದಲು ನೋಡಬೇಕಾದದ್ದು ಸೂತ್ರವನ್ನು, ಅಂದರೆ ಪಟವನ್ನು ಹಾರಿಸುವ ದಾರಕ್ಕೆ ಜೋಡಿಸುವ ಎಳೆಗಳನ್ನು.

ಕರಾವಳಿಯ ಪಟಗಳನ್ನು ಹೊರದೇಶದ ಉತ್ಸವಗಳಿಗೆ ಒಯ್ದ ಟೀಮ್ ಮಂಗಳೂರು ಎಂಬ ತಂಡದ 36 ಅಡಿಯ ಕಥಕ್ಕಳಿ ಪಟ ಬಹಳ ಜನಕ್ಕೆ ಗೊತ್ತು. ಫಾಯಿಲ್ ಪಟದ ಜಾತಿ ಬೇರೆ. ಅಮೆರಿಕದ ಡೊಮಿನಾ ಜಾಲ್ಬರ್ಟ್ 1964ರಲ್ಲಿ ರೂಪಿಸಿದ ಪ್ಯಾರಾಫಾಯಿಲ್ ಇದರ ಮೂಲ. ಕಡ್ಡಿಯೇ ಇಲ್ಲ, ಮುಂಭಾಗದ ಬಾಯಿಗಳಿಂದ ಗಾಳಿ ಹೊಕ್ಕು ಬಟ್ಟೆ ಉಬ್ಬಿ ರೆಕ್ಕೆಯಾಗುತ್ತದೆ. ಆ ರೆಕ್ಕೆ ಗಾಳಿಗೆ ಎಷ್ಟು ಓರೆಯಾಗಿ ನಿಲ್ಲಬೇಕೆಂದು ತೀರ್ಮಾನಿಸುವುದು ಸೂತ್ರದ ಎಳೆಗಳ ಉದ್ದ.

ಎಳೆತ ಹೆಚ್ಚು ಬೀಳುವುದು ಮುಂದಿನ ಸಾಲಿನ ಎಳೆಗಳಿಗೆ; ಅವು ಬರಬರುತ್ತ ಉದ್ದವಾಗುತ್ತವೆ. ಹಿಂದಿನ ಸಾಲಿಗೆ ಭಾರ ಕಡಿಮೆ. ಒದ್ದೆಯಾಗಿ ಒಣಗಿ, ಹೆಣಿಗೆಯೊಳಗೆ ಪಣಂಬೂರು ಕಡಲತೀರದ ಮರಳೋ ಗದ್ದೆಯ ಧೂಳೋ ಸೇರಿ ಆ ಸಾಲಿನ ಎಳೆಗಳು ಕುಗ್ಗುತ್ತವೆ. ಆಗ ಪಟದ ಹಿಂಬದಿ ಸದಾ ಎಳೆದುಕೊಂಡೇ ಇರುತ್ತದೆ. ವೇಗ ಇಳಿಯುತ್ತದೆ, ನೆತ್ತಿಯ ಮೇಲೆ ಬರದೆ ಹಿಂದಕ್ಕೆ ಜಾರುತ್ತದೆ. ಒಂದೇ ಬದಿ ಕುಗ್ಗಿದರೆ ಆ ಬದಿಗೇ ವಾಲುತ್ತದೆ. ಕೊಯ್ಲಾದ ಗದ್ದೆಯಲ್ಲಿ ನನ್ನ ಪಟ ಹೀಗೆ ತೆವಳುತ್ತಿದ್ದಾಗ ಬದುವಿನಲ್ಲಿ ಕೂತವರೊಬ್ಬರು ಕೇಳಿದ್ದರು, "ಎಂತ ಮಾರಾಯ್ರೆ, ಪಟಕ್ಕೆ ಸೊಂಟ ನೋವಾ?"

ಸರಿಪಡಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಎಳೆಗಳನ್ನು ಸಿಹಿನೀರಿನಲ್ಲಿ ಜಾಲಾಡಿ ನೆರಳಲ್ಲಿ ಒಣಗಿಸುತ್ತೇನೆ. ಜಗಲಿಯ ಕಂಬದ ಕೊಕ್ಕೆಗೆ ಸೂತ್ರದ ಬುಡ ಸಿಕ್ಕಿಸಿ, ಎಡ-ಬಲದ ಜೋಡಿ ಎಳೆಗಳನ್ನು ಒಂದೊಂದಾಗಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ಅಳೆಯುತ್ತೇನೆ. ಎಲ್ಲದಕ್ಕೂ ಒಂದೇ ಎಳೆತ ಇರಬೇಕು. ಸಡಿಲ ಬಿಟ್ಟ ದಾರದ ಅಳತೆಯನ್ನು ನಂಬುವ ಹಾಗಿಲ್ಲ. ಕುಗ್ಗಿದ ಎಳೆಗೆ ಹದವಾದ ಭಾರ ತೂಗುಬಿಟ್ಟರೆ ಹೆಚ್ಚಿನವು ಮೊದಲಿನ ಉದ್ದಕ್ಕೆ ಬರುತ್ತವೆ. ಬಾರದಿದ್ದರೆ ಮಾತ್ರ ಕುಣಿಕೆ ಗಂಟನ್ನು ಸರಿಸಿ, ಎರಡೂ ಬದಿಗೆ ಸಮನಾಗಿ ಉದ್ದ ಹೊಂದಿಸುವುದು. ಒಂದು ಬದಲಾವಣೆ ಮಾಡಿ ಹಾರಿಸಿ ನೋಡಿದ ಮೇಲೆಯೇ ಇನ್ನೊಂದು. ಒಣಗಿಸಲಿಕ್ಕೆಂದು ಇಸ್ತ್ರಿಪೆಟ್ಟಿಗೆ, ಬೆಂಕಿಯ ಹತ್ತಿರ ಸುಳಿಯಬಾರದು. ಈ ಎಳೆಗಳ ಡೈನೀಮಾ ದಾರ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಸೂತ್ರಕ್ಕೆ ನೈಲಾನ್ ದಾರವೂ ಬೇಡ. ಅದು ನೀರು ಹೀರುತ್ತದೆ, ರಬ್ಬರಿನಂತೆ ಹಿಗ್ಗುತ್ತದೆ.

ನಮ್ಮ ಮಳೆಗಾಲ ದೀರ್ಘ. ಜೂನ್‌ನಿಂದ ತೇವದಲ್ಲಿ ಮಡಚಿಟ್ಟ ಪಟವನ್ನು ಕೊಯ್ಲಿನ ನಂತರ ತೆಗೆದಾಗ ನೇರ ಗದ್ದೆಗೆ ಒಯ್ಯದೆ ಒಮ್ಮೆ ಅಳೆದರೆ ಅರ್ಧ ತಾಪತ್ರಯ ತಪ್ಪುತ್ತದೆ. ಹೊಸ ಪಟ ಕೊಂಡವರಿಗೆ ನನ್ನದೊಂದೇ ಮಾತು: ಮೊದಲ ಸಲ ಹಾರಿಸುವ ಮೊದಲೇ ಪ್ರತಿ ಎಳೆಯ ಉದ್ದವನ್ನು ಪುಸ್ತಕದಲ್ಲಿ ಬರೆದಿಡಿ. ಮುಂದೆ ಯಾವ ಎಳೆ ಎಷ್ಟು ಕುಗ್ಗಿತೆಂದು ಹೇಳಲು ಬೇರೆ ಸಾಕ್ಷಿ ಸಿಗುವುದಿಲ್ಲ.