ಮೊದಲು ಕೆಳಗೆ ಬಗ್ಗಿ ನೋಡಮ್ಮ

ಮಗಳೇ,

ನಿಮ್ಮ ಜಿಮ್ನಿ ಗಾಡಿಯ ಹಿಂದೆ ಕಟ್ಟಿಕೊಂಡು ಹೋಗಲು ಒಂದು ಕ್ಯಾಂಪಿಂಗ್ ಟ್ರೈಲರ್ ಕೊಳ್ಳಬೇಕೆಂದು ನೀನೂ ಅಳಿಯಂದಿರೂ ಮನಸ್ಸು ಮಾಡಿದ್ದೀರಿ ಎಂದು ನಿಮ್ಮಪ್ಪ ಹೇಳಿದ. ‘ಇವರಿಗೆ ಯಾಕಪ್ಪ ಈ ಉಸಾಬರಿ’ ಎನ್ನುವ ಮಾತು ನಿನ್ನ ಕಿವಿಗೆ ಈಗಾಗಲೇ ಬೇಕಾದಷ್ಟು ಬಿದ್ದಿರುತ್ತದೆ. ನಾನು ಹಾಗೆ ಹೇಳುವುದಿಲ್ಲ. ಮಕ್ಕಳು ಚಿಕ್ಕವರಿರುವಾಗಲೇ ತೋಟದಲ್ಲಿ, ಹೊಳೆಯ ಹತ್ತಿರ ಮಲಗಿ ಅಭ್ಯಾಸವಾಗಬೇಕು. ಆದರೆ ನಿಮ್ಮ ಕೈಯಲ್ಲಿರುವುದು ಲೆಕ್ಕದ ದುಡ್ಡು. ಅದು ಎಲ್ಲಿಗೆ ಹೋಗಬೇಕು ಎಂಬ ವಿಷಯದಲ್ಲಿ, ಪೀಣ್ಯದ ಫ್ಯಾಬ್ರಿಕೇಷನ್ ಶೆಡ್ಡುಗಳಲ್ಲಿ ದುಡಿದು ಬಂದ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಹಣದ ದೊಡ್ಡ ಪಾಲು ನೆಲಕ್ಕೂ ಮೇಲಿನ ಪೆಟ್ಟಿಗೆಗೂ ನಡುವೆ ಇರುವ ಭಾಗಕ್ಕೆ ಸಲ್ಲಬೇಕು: ಚಾಸಿ, ಆಕ್ಸೆಲ್, ಬೇರಿಂಗ್, ಬ್ರೇಕು, ಕೊಂಡಿ. ಎಳೆದರೆ ಹೊರಬರುವ ಅಡುಗೆ ಕಟ್ಟೆ, ಬಣ್ಣದ ಲೈಟು, ಪಕ್ಕಕ್ಕೆ ಬಿಚ್ಚಿಕೊಳ್ಳುವ ಚಾವಣಿ ಇವನ್ನೆಲ್ಲ ಆಮೇಲೆ ಒಂದೊಂದಾಗಿ ಸೇರಿಸಿಕೊಳ್ಳಬಹುದು. ಮಾರುವವರು ಮೊದಲು ತೋರಿಸುವುದು ಅವನ್ನೇ. ನೀನು ಮೊದಲು ಕೆಳಗೆ ಬಗ್ಗಿ ನೋಡು.

ಅದಕ್ಕೂ ಮುಂಚೆ ನಿಮ್ಮ ಗಾಡಿ ಎಷ್ಟು ಎಳೆಯಬಲ್ಲದು ಎಂದು ತಿಳಿದುಕೊ. ಐದು ಬಾಗಿಲಿನ ಜಿಮ್ನಿಯ ತೂಕ ಸುಮಾರು 1200 ಕೆಜಿ. ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್, 134 ನ್ಯೂಟನ್ ಮೀಟರ್ ಟಾರ್ಕ್. ಇದೇ ಗಾಡಿಗೆ ಆಸ್ಟ್ರೇಲಿಯಾದಲ್ಲಿ ಕಂಪನಿಯವರೇ ಹಾಕಿರುವ ಮಿತಿ ಹೀಗಿದೆ: ತನ್ನದೇ ಬ್ರೇಕ್ ಇರುವ ಟ್ರೈಲರ್ ಆದರೆ 1300 ಕೆಜಿ, ಬ್ರೇಕ್ ಇಲ್ಲದ್ದಾದರೆ ಬರೀ 350 ಕೆಜಿ. ಎರಡರ ನಡುವೆ ಎಷ್ಟು ಅಂತರ ನೋಡು. ಎಳೆಯುವುದು ಎಂಜಿನ್ನಿಗೆ ಕಷ್ಟವಿಲ್ಲ, ನಿಲ್ಲಿಸುವುದು ಕಷ್ಟ. ಚಾರ್ಮಾಡಿ ಘಾಟಿ ಇಳಿಯುವಾಗ ತಿರುವಿಗೆ ಬ್ರೇಕ್ ಒತ್ತುತ್ತೀಯ. ಹಿಂದಿರುವ ಬ್ರೇಕಿಲ್ಲದ ಭಾರ ನಿನ್ನನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಆಸ್ಟ್ರೇಲಿಯಾದ ಅಂಕಿ ಇಲ್ಲಿಯ ಗಾಡಿಗೂ ನಡೆಯುತ್ತದೆ ಎಂದುಕೊಳ್ಳಬೇಡ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಟ್ರೈಲರ್ ಎಳೆಯುವ ಬಗ್ಗೆ ಏನಿದೆ ಓದು. ಷೋರೂಮಿನವರ ಬಾಯಿಮಾತು ಬೇಡ, ಬರಹದಲ್ಲಿ ಉತ್ತರ ತರಿಸಿಕೊ. ಎಳೆಯಕೂಡದು ಎಂದು ಬಂದರೆ ಈ ಯೋಚನೆಯನ್ನು ಅಲ್ಲಿಗೇ ಬಿಟ್ಟು ಒಳ್ಳೆಯ ಟೆಂಟ್ ಒಂದನ್ನು ಕೊಳ್ಳಿ, ಅದರಲ್ಲೂ ಸುಖವಿದೆ.

ಎಳೆಯಬಹುದು ಎಂದಾದರೆ, ಸಾಮಾನೆಲ್ಲ ತುಂಬಿದ ಮೇಲೂ 350 ಕೆಜಿ ದಾಟದಂಥದ್ದನ್ನೇ ಹುಡುಕಿ ಎನ್ನುವುದು ನನ್ನ ಮಾತು. ಅದಕ್ಕಿಂತ ಭಾರವಾದದ್ದು ಬೇಕೇ ಬೇಕೆಂದರೆ ಬ್ರೇಕ್ ಇರಲೇಬೇಕು. ಮುಂದಿನ ಗಾಡಿ ನಿಧಾನವಾದಾಗ ಟ್ರೈಲರ್ ಕೊಂಡಿಯನ್ನು ಒತ್ತುತ್ತದೆ. ಆ ಒತ್ತಡದಿಂದಲೇ ತನ್ನ ಬ್ರೇಕ್ ತಾನೇ ಹಿಡಿಯುವ ವ್ಯವಸ್ಥೆ ಇದೆ. ಚಿಕ್ಕ ಟ್ರೈಲರಿಗೆ ಅದು ಸಾಕು.

350 ಕೆಜಿ ಎಂದರೆ ಬಹಳವಾಯಿತು ಎನ್ನಿಸಬಹುದು. ಲೆಕ್ಕ ಹಾಕು. ಎರಡು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಒಂದು ಚದರ ಮೀಟರಿಗೆ ಹದಿನಾರು ಕೆಜಿಯ ಹತ್ತಿರ ತೂಗುತ್ತದೆ. ಅದೇ ದಪ್ಪದ ಅಲ್ಯೂಮಿನಿಯಂ ಐದೂವರೆ ಕೆಜಿ. ಪೆಟ್ಟಿಗೆಯ ಗೋಡೆ, ಮುಚ್ಚಳ, ತಳ ಸೇರಿ ಎಂಟೊಂಬತ್ತು ಚದರ ಮೀಟರ್ ಆದರೆ ಅಲ್ಲೇ ಎಂಬತ್ತು ತೊಂಬತ್ತು ಕೆಜಿಯ ವ್ಯತ್ಯಾಸ. ‘ಪೂರ್ತಿ ಉಕ್ಕು ಸಾರ್, ಆನೆ ತುಳಿದರೂ ಏನೂ ಆಗಲ್ಲ’ ಎಂದು ಹೇಳುವವರ ಮುಂದೆ ಈ ಲೆಕ್ಕ ನೆನಪಿರಲಿ. ಚಾಸಿ ಉಕ್ಕಿನದಿರಲಿ, ಮೇಲಿನದು ಹಗುರವಾಗಿರಲಿ. ನೀರು ಲೀಟರಿಗೆ ಒಂದು ಕೆಜಿ, ಅರವತ್ತು ಲೀಟರಿನ ಟ್ಯಾಂಕ್ ತುಂಬಿಕೊಂಡು ಬಸವೇಶ್ವರನಗರದ ಮನೆಯಿಂದಲೇ ಹೊತ್ತೊಯ್ಯುವ ಅಗತ್ಯವಿಲ್ಲ. ಉಳಿಯುವ ಜಾಗಕ್ಕೆ ಹೋಗಿ ತುಂಬಿಸಿಕೊಳ್ಳಿ. ಮನೆಯ ಯುಪಿಎಸ್‌ಗೆ ಹಾಕುವಂಥ 150 ಎಎಚ್ ಬ್ಯಾಟರಿ ಐವತ್ತು ಕೆಜಿ ಮೀರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚು ಮಾಡುತ್ತಾ ಹೋದರೆ ಅದರ ಆಯಸ್ಸೂ ಕುಗ್ಗುತ್ತದೆ. 100 ಎಎಚ್ ಲಿಥಿಯಂ ಬ್ಯಾಟರಿ ಹನ್ನೆರಡು ಕೆಜಿಯ ಆಸುಪಾಸು. ಬೆಲೆ ಜಾಸ್ತಿ ಎನ್ನುವುದು ನಿಜ, ಆದರೂ ಇದರಲ್ಲಿ ಕೈ ಬಿಗಿ ಹಿಡಿಯಬೇಡ. ಅಡುಗೆಗೆ ಮನೆಯ ದೊಡ್ಡ ಸಿಲಿಂಡರ್ ತೆಗೆದುಕೊಂಡು ಹೋಗುವುದೂ ಬೇಡ, 5 ಕೆಜಿಯ ಚಿಕ್ಕದು ಧಾರಾಳವಾಯಿತು.

ಭಾರ ಎಷ್ಟಿದೆ ಎನ್ನುವಷ್ಟೇ ಎಲ್ಲಿದೆ ಎನ್ನುವುದೂ ಮುಖ್ಯ. ನಿಮ್ಮ ಅಜ್ಜ ಮಾಗಡಿ ರಂಗನಾಥಸ್ವಾಮಿ ಜಾತ್ರೆಗೆ ಕಮಾನು ಗಾಡಿ ಕಟ್ಟಿಕೊಂಡು, ಅಕ್ಕಿ, ಬೇಳೆ, ಪಾತ್ರೆ ತುಂಬಿಕೊಂಡು ಹೋಗಿ ಗಾಡಿಯ ಕೆಳಗೇ ಮಲಗುತ್ತಿದ್ದವರು. ಗಾಡಿ ಹೇರುವಾಗ ಅವರು ಮೊದಲು ನೋಡುತ್ತಿದ್ದದ್ದು ಮೂಕಿಯನ್ನು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕುತ್ತಿಗೆಗೆ ಕಣ್ಣಿ ಬಿಗಿಯುತ್ತದೆ. ಮುಂಭಾರವಾದರೆ ನೊಗ ಹೆಗಲನ್ನು ತಿನ್ನುತ್ತದೆ. ಟ್ರೈಲರಿನ ಕಥೆಯೂ ಇದೇ. ತುಂಬಿದ ತೂಕದಲ್ಲಿ ಹತ್ತನೇ ಒಂದು ಭಾಗದಷ್ಟು ಕೊಂಡಿಯ ಮೇಲೆ ಕೂರಬೇಕು. 350 ಕೆಜಿಗೆ ಮೂವತ್ತರಿಂದ ಮೂವತ್ತೈದು ಕೆಜಿ. ಹಿಂಭಾರವಾದ ಟ್ರೈಲರ್ ವೇಗ ಹೆಚ್ಚಿದಂತೆ ಅತ್ತಿತ್ತ ಬಾಲ ಬೀಸಲು ಶುರುಮಾಡುತ್ತದೆ. ಒಮ್ಮೆ ಶುರುವಾದರೆ ಬ್ರೇಕ್ ಒತ್ತಬೇಡ, ಸ್ಟಿಯರಿಂಗ್ ತಿರುಗಿಸಿ ಸರಿಮಾಡಲೂ ಹೋಗಬೇಡ. ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟಿಯರಿಂಗ್ ನೇರ ಹಿಡಿದಿರು. ಕೊಂಡಿಯ ಭಾರ ಅಳೆಯಲು ಬೇರೆ ಸಲಕರಣೆ ಬೇಡ. ಎಲ್ಲ ಸಾಮಾನು ತುಂಬಿ, ಟ್ರೈಲರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಮನುಷ್ಯರು ತೂಕ ನೋಡಿಕೊಳ್ಳುವ ಮಷೀನನ್ನು ಕೊಂಡಿಯ ಕೆಳಗೆ ಮರದ ತುಂಡಿನ ಜೊತೆ ಇಟ್ಟರೆ ಸಾಕು.

ಮಾದರಿ ಯಾವುದು ಎಂದು ಕೇಳಿದರೆ, ನಾನು ಹಳೆಯ ಜೀಪ್ ಟ್ರೈಲರನ್ನು ತೋರಿಸುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಜೀಪಿಗೆಂದು ಮಾಡಿದ ಕಾಲು ಟನ್ನಿನ ಪುಟ್ಟ ಟ್ರೈಲರ್ ಅದು. ಕಚ್ಚಾ ದಾರಿಯಲ್ಲಿ ಹೇರಬಹುದಾದ ಭಾರ ಸುಮಾರು 225 ಕೆಜಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಜೀಪಿನ ಹಿಂದೆ ಗೊಬ್ಬರ, ಕಾಫಿ ಚೀಲ ಹೊರುತ್ತಿದ್ದ ಟ್ರೈಲರುಗಳೂ ಅದೇ ಜಾತಿಯವು. ಅದರಲ್ಲಿ ಕಲಿಯಬೇಕಾದದ್ದು ಬಹಳ ಇದೆ. ಜೀಪಿನದ್ದೇ ಚಕ್ರ, ಜೀಪಿನದ್ದೇ ಟೈರು. ಹಾಗಾಗಿ ಒಂದು ಸ್ಟೆಪ್ನಿ ಎರಡಕ್ಕೂ ಆಗುತ್ತಿತ್ತು. ನೀನೂ ಟ್ರೈಲರಿನ ಹಬ್ಬಿಗೆ ಜಿಮ್ನಿಯ ಚಕ್ರ ಕೂರುತ್ತದೆಯೇ ಎಂದು ನೋಡು, ಬೋಲ್ಟು ಐದೇ ಇದ್ದರೂ ಅವುಗಳ ನಡುವಿನ ಅಂತರ ಬೇರೆ ಇರಬಹುದು. ಎಡಬಲ ಚಕ್ರಗಳ ನಡುವಿನ ಅಗಲ ಗಾಡಿಯಷ್ಟೇ ಇದ್ದರೆ ಕೆಸರಿನಲ್ಲಿ ಟ್ರೈಲರಿನ ಚಕ್ರ ಮುಂದಿನ ಚಕ್ರ ಮಾಡಿದ ಜಾಡಿನಲ್ಲೇ ಬರುತ್ತದೆ, ಹೊಸ ಜಾಡು ತೋಡುವ ಶ್ರಮ ಎಂಜಿನ್ನಿಗೆ ಇರುವುದಿಲ್ಲ. ಅಗಲ ಜಾಸ್ತಿಯಿದ್ದರೆ ಗಾಡಿ ತಪ್ಪಿಸಿದ ಕಲ್ಲಿಗೆ ಟ್ರೈಲರ್ ಹೋಗಿ ಬಡಿಯುತ್ತದೆ.

ಸಸ್ಪೆನ್ಷನ್ ವಿಷಯದಲ್ಲಿ ನಾನು ಹಳೆಯ ಕಾಲದವನೇ. ಕಮಾನು ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್ ಇರುವುದನ್ನೇ ತೆಗೆದುಕೊ. ರಬ್ಬರನ್ನು ಒಳಗೆ ಕೂರಿಸಿ ಮುಚ್ಚಿದ ಆಕ್ಸೆಲ್‌ಗಳು ಮೆತ್ತಗೆ ಓಡುತ್ತವೆ, ನೋಡಲೂ ಚೆಂದ. ಆದರೆ ಒಳಗಿನ ರಬ್ಬರ್ ಸೋತರೆ ಆಕ್ಸೆಲನ್ನೇ ಬದಲಾಯಿಸಬೇಕು. ಪಟ್ಟಿ ಮುರಿದರೆ ಮೂಡಿಗೆರೆಯಲ್ಲೂ ಸಿಗುತ್ತದೆ, ಸಕಲೇಶಪುರದಲ್ಲೂ ಸಿಗುತ್ತದೆ. ಕೊಂಡಿ ಮಾತ್ರ ಸ್ವಲ್ಪ ದುಬಾರಿಯದ್ದಾದರೂ ಪರವಾಗಿಲ್ಲ. ಮಾಮೂಲಿ ಬಾಲ್ ಕೊಂಡಿ ಡಾಂಬರು ರಸ್ತೆಗೆ ಸರಿ, ಹಳ್ಳ ಇಳಿದು ಏರುವ ಕಡೆ ಅದರ ಬಾಗುವ ಮಿತಿ ಮುಗಿದುಹೋಗುತ್ತದೆ. ಮೂರು ದಿಕ್ಕಿಗೂ ಹೊರಳುವ ಕೊಂಡಿ ಇರಲಿ, ಕೊಂಡಿ ಬಿಚ್ಚಿದರೂ ಟ್ರೈಲರ್ ಕೈಬಿಟ್ಟು ಹೋಗದಂತೆ ಕೆಳಗೆ ಅಡ್ಡಡ್ಡ ಹಾಕಿದ ಎರಡು ಸರಪಳಿ ಇರಲಿ.

ಈಗ ಕಾಗದಪತ್ರದ ಮಾತು. ಇದು ಬೇಸರದ ವಿಷಯವಾದರೂ ಬಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರೈಲರ್ ಕೂಡ ಪ್ರತ್ಯೇಕ ನೋಂದಣಿಯಾಗಬೇಕಾದ ವಾಹನ. 61ನೇ ಕಲಮಿನಲ್ಲಿ ಅದು ಸ್ಪಷ್ಟವಾಗಿದೆ. ನಿಮ್ಮ ಮನೆಯ ಪಕ್ಕದ ಕಾಮಾಕ್ಷಿಪಾಳ್ಯದಲ್ಲಿ ಬೆಸುಗೆ ಹಾಕುವ ಒಳ್ಳೊಳ್ಳೆಯ ಕೈಗಳಿವೆ. ‘ಅರ್ಧ ಬೆಲೆಗೆ ಮಾಡಿಕೊಡ್ತೀವಿ’ ಎಂದು ಯಾರಾದರೂ ಹೇಳಿದರೆ ಅವರ ಕೆಲಸದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ತಯಾರಕರು ತಮ್ಮ ಟ್ರೈಲರಿನ ಮಾದರಿಯನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆದಿರಬೇಕು. ಆ ಒಪ್ಪಿಗೆ ಇಲ್ಲದ ಟ್ರೈಲರಿಗೆ ನಂಬರ್ ಸಿಗುವುದಿಲ್ಲ. ನಂಬರ್ ಇಲ್ಲದೆ ವಿಮೆಯಿಲ್ಲ. ವಿಮೆಯಿಲ್ಲದ ಟ್ರೈಲರ್ ಯಾರಿಗಾದರೂ ತಗುಲಿದ ದಿನ ನೀವು ಉಳಿಸಿದ ಅರ್ಧ ಬೆಲೆ ಯಾವ ಮೂಲೆಗೂ ಸಾಲದು. ಹಾಗಾಗಿ ಮುಂಗಡ ಕೊಡುವ ಮೊದಲೇ, ಮಾರುವಾಗ ಮಾರಾಟದ ಫಾರಂ 21, ರಸ್ತೆ ಯೋಗ್ಯತೆಯ ಫಾರಂ 22 ಕೊಡುತ್ತಾರೆಯೇ ಎಂದು ಕೇಳಿ, ಒಪ್ಪಿಗೆ ಪತ್ರದ ಪ್ರತಿ ತೆಗೆದುಕೊಂಡು, ನಿಮ್ಮ ಕೆಎ-02 ಗಾಡಿಯ ರಾಜಾಜಿನಗರ ಆರ್‌ಟಿಒ ಕಚೇರಿಯಲ್ಲಿ ತೋರಿಸಿ. ಜಿಮ್ನಿಗೆ ಕೊಂಡಿ ಕೂರಿಸುವುದರ ಬಗ್ಗೆಯೂ ಅಲ್ಲೇ ಕೇಳಿ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ‘ಎಲ್ಲರೂ ಹಾಕಿಸಿಕೊಂಡಿದ್ದಾರೆ’ ಎನ್ನುವುದು ವಿಮೆ ಕಂಪನಿಯವರ ಮುಂದೆ ಉತ್ತರವಾಗುವುದಿಲ್ಲ.

ಎಲ್ಲಿಗೆ ಹೋಗುತ್ತೀರಿ ಎಂಬುದನ್ನೂ ಪ್ರಾಮಾಣಿಕವಾಗಿ ಯೋಚಿಸಿ. ನಮ್ಮ ಕಾಡುಗಳಲ್ಲಿ ಮನಸ್ಸು ಬಂದಲ್ಲಿ ಟ್ರೈಲರ್ ನಿಲ್ಲಿಸಿ ರಾತ್ರಿ ಕಳೆಯಲು ಬಿಡುವುದಿಲ್ಲ, ಬಿಡಲೂಬಾರದು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಖಾಸಗಿ ವಾಹನಗಳಿಗೆ ಸಂಚಾರವೇ ಇಲ್ಲ, 2009ರಿಂದ. ಹಾಗಾದರೆ ನೀವು ನಿಜವಾಗಿ ಉಳಿಯುವುದು ಗೊತ್ತಿದ್ದವರ ತೋಟದಲ್ಲಿ, ಹೋಮ್‌ಸ್ಟೇ ಅಂಗಳದಲ್ಲಿ, ಅನುಮತಿ ಇರುವ ಕ್ಯಾಂಪುಗಳಲ್ಲಿ. ಅಲ್ಲಿಗೆ ಹೋಗುವಾಗ ಸಿಗುವ ಕಚ್ಚಾ ದಾರಿ ಎಂದರೆ ಕೊನೆಯ ಎರಡು ಮೂರು ಕಿಲೋಮೀಟರಿನ ತೋಟದ ರಸ್ತೆ. ಅದಕ್ಕೆ ನೆಲದಿಂದ ಸಾಕಷ್ಟು ಎತ್ತರ, ಗಟ್ಟಿ ಕಮಾನು, ಒಳ್ಳೆಯ ಟೈರು ಸಾಕು. ಮರುಭೂಮಿ ದಾಟಲೆಂದು ಕಟ್ಟಿದ ದೊಡ್ಡ ಟ್ರೈಲರಿಗೆ ಕೊಡುವ ಹೆಚ್ಚಿನ ದುಡ್ಡು ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ನಿಮಗೆ ಬೇಕಾಗಿರುವುದು ಮಳೆಯಿಂದ ರಕ್ಷಣೆ. ಮಲೆನಾಡಿನಲ್ಲಿ ನೆನೆದ ಕ್ಯಾನ್ವಾಸನ್ನು ಮಡಚಿಟ್ಟರೆ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಮನೆಗೆ ಬಂದ ದಿನವೇ ತಾರಸಿಯ ಮೇಲೆ ಹರಡಿ ಒಣಗಿಸಬೇಕು, ಅದಕ್ಕೆ ನಿಮ್ಮ ತಾರಸಿ ಸಾಲುತ್ತದೆಯೇ ಅಳೆದುಕೊ.

ಅಳೆಯುವಾಗ ಗೇಟನ್ನೂ ಅಳೆ. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಜಾಗದಲ್ಲಿ ಜಿಮ್ನಿ ನಿಂತ ಮೇಲೆ ಟ್ರೈಲರಿಗೆ ಎಲ್ಲಿದೆ ಜಾಗ? ರಸ್ತೆಯ ಮೇಲೆ ತಿಂಗಳುಗಟ್ಟಲೆ ನಿಲ್ಲಿಸಿ ಅಕ್ಕಪಕ್ಕದವರ ಹತ್ತಿರ ಮನಸ್ತಾಪ ಮಾಡಿಕೊಳ್ಳಬೇಡಿ. ತಾವರೆಕೆರೆಯ ನಮ್ಮ ತೋಟದ ಶೆಡ್ಡಿನಲ್ಲಿ ಇಡಿ. ಅಲ್ಲಿಂದಲೇ ಹೊರಟರೆ ಸುಮನಹಳ್ಳಿ, ನಾಯಂಡಹಳ್ಳಿಗಳ ದಟ್ಟಣೆಯಲ್ಲಿ ಟ್ರೈಲರ್ ಎಳೆಯುವ ಪಾಡೂ ಇರುವುದಿಲ್ಲ. ರಿವರ್ಸ್ ಕಲಿಯಲೂ ಅಲ್ಲಿ ಜಾಗವಿದೆ. ಚಿಕ್ಕ ಟ್ರೈಲರನ್ನು ಹಿಂದಕ್ಕೆ ತರುವುದು ದೊಡ್ಡದಕ್ಕಿಂತ ಕಷ್ಟ, ಕಣ್ಣು ಮಿಟುಕಿಸುವುದರೊಳಗೆ ಅಡ್ಡ ತಿರುಗುತ್ತದೆ. ಸ್ಟಿಯರಿಂಗಿನ ಕೆಳಭಾಗ ಹಿಡಿದುಕೊ. ಟ್ರೈಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೆ ಸರಿಸು. ನೀವಿಬ್ಬರೂ ಕಲಿಯಿರಿ, ಅಳಿಯಂದಿರೊಬ್ಬರೇ ಓಡಿಸುವುದು ಎಂದಾಗಬಾರದು.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬೇಡವೆನ್ನಬೇಡ, ನಿಮ್ಮ ಲೆಕ್ಕಕ್ಕೆ ಅದೇ ಸರಿ ಎಂದು ನನಗನ್ನಿಸುತ್ತದೆ. ನೋಡಲು ಹೋಗುವಾಗ ಟಾರ್ಚ್, ಜಾಕ್ ತೆಗೆದುಕೊಂಡು ಹೋಗಿ. ಮುಂದಿನ ತ್ರಿಕೋನ ಚೌಕಟ್ಟು ಚಾಸಿಗೆ ಸೇರುವ ಕಡೆ ಬೆಸುಗೆ ಬಿರುಕು ಬಿಟ್ಟಿದೆಯೇ, ಅದರ ಮೇಲೆ ಹೊಸ ಬಣ್ಣ ಬಳಿದಿದ್ದಾರೆಯೇ ನೋಡಿ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಲಟಪಟ ಎಂದರೆ ಬೇರಿಂಗ್ ಸವೆದಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ ಇಪ್ಪತ್ಮೂರನೇ ವಾರ ತಯಾರಾದದ್ದು. ನಿಂತಲ್ಲೇ ನಿಂತ ಟ್ರೈಲರಿನ ಟೈರು ಹೂ ಸವೆಯದೆ ಹೊಸದರಂತೆ ಕಂಡರೂ ರಬ್ಬರ್ ಹಳತಾಗಿರುತ್ತದೆ. ಇಷ್ಟಾದ ಮೇಲೆ, ಮಾಗಡಿ ರಸ್ತೆಯಲ್ಲೋ ಪೀಣ್ಯದಲ್ಲೋ ವೇಬ್ರಿಡ್ಜಿಗೆ ಒಯ್ದು ಖಾಲಿ ತೂಕದ ಚೀಟಿ ತೆಗೆಸಿ. ಅದಕ್ಕೆ ಒಪ್ಪದವರ ಹತ್ತಿರ ವ್ಯಾಪಾರ ಬೇಡ.

ಮೊದಲ ಪ್ರಯಾಣ ಆಗುಂಬೆಗೆ ಬೇಡ. ಮಂಚನಬೆಲೆ ಕಡೆಗೆ ಹೋಗಿ ಸಂಜೆಯೊಳಗೆ ಬನ್ನಿ. ಹೊರಟು ಇಪ್ಪತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಎರಡೂ ಹಬ್ಬಿನ ಹತ್ತಿರ ಕೈ ಹಿಡಿದು ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಸರಿ, ಕೈ ಇಡಲಾರದಷ್ಟು ಬಿಸಿಯಿದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಗ್ರೀಸ್ ಇಲ್ಲ, ಅಲ್ಲಿಂದಲೇ ನನಗೆ ಫೋನ್ ಮಾಡು. ಐವತ್ತು ಕಿಲೋಮೀಟರಿಗೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಯಾವುದೇ ಕಾರಣಕ್ಕೂ ಗಾಡಿ ಓಡುವಾಗ ಮಕ್ಕಳನ್ನು ಟ್ರೈಲರಿನೊಳಗೆ ಕೂರಿಸಬೇಡಿ, ತೋಟದ ಒಳಗಿನ ದಾರಿಯಲ್ಲೂ ಬೇಡ.

ನಿನ್ನ ದೊಡ್ಡಪ್ಪ