ಮಾಲೀಸಿಗೆ ಲೈಸೆನ್ಸ್ ಕೇಳುವವರಿಗೆ

ತೆಲಂಗಾಣದ ರಾಯಿಕೋಡ್ ಕಡೆ ಈ ಕೆಲಸ ಕಲಿಯಲು ಬರುವ ಹುಡುಗರ ಮೊದಲ ಪ್ರಶ್ನೆ: ‘ಕಾಕಾ, ಇದಕ್ಕ ಲೈಸೆನ್ಸ್ ಎಲ್ಲಿ ಸಿಗ್ತದ?’

1. ಮಾಲೀಸು ಮಾಡುವವನಿಗೆಂದೇ ಪ್ರತ್ಯೇಕ ಲೈಸೆನ್ಸ್ ತೆಲಂಗಾಣದಲ್ಲಿಲ್ಲ, ಕರ್ನಾಟಕದಲ್ಲೂ ಇಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ 500 ತಾಸು, ನ್ಯೂಯಾರ್ಕಿನಲ್ಲಿ 1000 ತಾಸು ಕಲಿತು ಪರೀಕ್ಷೆ ಪಾಸಾಗಬೇಕು. ನಮ್ಮಲ್ಲಿ ಕಾಗದ ಕೇಳುವುದು ಅಂಗಡಿಗೆ: ಪಂಚಾಯಿತಿ ಇಲ್ಲವೇ ಮುನ್ಸಿಪಾಲಿಟಿಯ ಟ್ರೇಡ್ ಲೈಸೆನ್ಸ್, ಕಾರ್ಮಿಕ ಇಲಾಖೆಯ ನೋಂದಣಿ. ಇವಕ್ಕೇ ಕಟ್ಟು ಹಾಕಿಸಿ ‘ಸರ್ಕಾರಿ ಮಾನ್ಯತೆ’ ಎನ್ನುವವರಿದ್ದಾರೆ. ಕೊಟ್ಟ ಅಧಿಕಾರಿ ಬಾಡಿಗೆ ಕರಾರು ನೋಡಿರುತ್ತಾನೆ, ಕೈಗುಣ ನೋಡಿರುವುದಿಲ್ಲ.

2. 1956ರವರೆಗೆ ನಮ್ಮ ಕಡೆಯ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲೇ ಇದ್ದವು. ಗಿರಾಕಿಗಳು ಈಗಲೂ ಹಾಗೆಯೇ ಓಡಾಡುತ್ತಾರೆ; ಕಾಯ್ದೆ ಮಾತ್ರ ಗಡಿಯಲ್ಲಿ ನಿಲ್ಲುತ್ತದೆ. ಇಲ್ಲಿ 1988ರ ಅಂಗಡಿ ಕಾಯ್ದೆ, ಬೀದರಿನಲ್ಲಿ 1961ರದು. ಅಲ್ಲಿ ಫಿಸಿಯೋಥೆರಪಿ ಕೇಂದ್ರ ತೆರೆದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿಯೂ ನೋಂದಣಿ ಬೇಕು.

3. ಬೋರ್ಡ್ ಬರೆಸುವಾಗ ಪೇಂಟರ್ ಮಾತು ಕೇಳಬೇಡಿ. ಅವನಿಗೆ ‘ಡಾಕ್ಟರ್’ ಅನ್ನುವುದೂ ಒಂದೇ, ‘ಮಾಲೀಸು’ ಅನ್ನುವುದೂ ಒಂದೇ. ‘ಫಿಸಿಯೋಥೆರಪಿ’ ಎಂದೂ ಬರೆಸಬೇಡಿ; ಅದು ಪದವಿ ಓದಿದವರ ವೃತ್ತಿ, 2021ರ ಕೇಂದ್ರ ಕಾಯ್ದೆಯ ವ್ಯಾಪ್ತಿಗೆ ಬಂದದ್ದು. ‘ನಮ್ಮ ಎಣ್ಣೆಯಿಂದ ಲಕ್ವಾ ಗ್ಯಾರಂಟಿ ವಾಸಿ’ ಎಂದು ಬರೆಸಿದರಂತೂ 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಇದೆ. ಅದರ ರೋಗಪಟ್ಟಿಯಲ್ಲಿ ಲಕ್ವಾ, ಸಕ್ಕರೆ ಕಾಯಿಲೆ ಎರಡೂ ಇವೆ.

4. ಎಲ್ಲಕ್ಕಿಂತ ಹೆಚ್ಚು ತಲೆಯಲ್ಲಿಡಬೇಕಾದದ್ದು ಈ ಲಕ್ವಾ ವಿಷಯವೇ. ಬಾಯಿ ಸೊಟ್ಟಗಾಯಿತು, ಕೈ ಬಿತ್ತು ಎಂದರೆ ಮನೆಯವರು ಮೊದಲು ಎಣ್ಣೆ ಕಾಯಿಸುತ್ತಾರೆ, ನಮ್ಮನ್ನು ಕರೆಯುತ್ತಾರೆ. ಹೋಗಬೇಡಿ, 108ಕ್ಕೆ ಫೋನ್ ಮಾಡಿಸಿ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಬೀಳಬೇಕು; ನಾವು ತಿಕ್ಕುತ್ತಾ ಕೂತರೆ ಆ ಹೊತ್ತು ಹೋಯಿತು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೂ ಕೈ ಹಚ್ಚಬೇಡಿ. ಅಲ್ಲಿ ಹೆಪ್ಪಿದ್ದು ಜಾರಿದರೆ ಪುಪ್ಪಸಕ್ಕೆ ಹೋಗಿ ಜೀವ ತೆಗೆಯಬಹುದು. ಇದನ್ನು ಯಾವ ಟ್ರೇಡ್ ಲೈಸೆನ್ಸೂ ನಿಮಗೆ ಕಲಿಸುವುದಿಲ್ಲ.

5. ಹೆಂಗಸರಿಗೆ ಹೆಂಗಸರೇ ಮಾಡಲಿ. ಚರ್ಚೆ ಬೇಡ.

6. ಸ್ಪಾ ಥೆರಪಿಸ್ಟ್, ಪಂಚಕರ್ಮ ಟೆಕ್ನಿಷಿಯನ್ ಕೋರ್ಸುಗಳಿವೆ. ಸರ್ಟಿಫಿಕೇಟು ಲೈಸೆನ್ಸ್ ಅಲ್ಲ, ಆದರೂ ಮಾಡಿ: ಆಸ್ಪತ್ರೆ, ರೆಸಾರ್ಟುಗಳಲ್ಲಿ ಕೆಲಸಕ್ಕೆ ಹೋದರೆ ಕೇಳುವುದು ಅದನ್ನೇ. ಸೇರುವ ಮುಂಚೆ ನಿಜವಾದ ಮೈಮೇಲೆ ಎಷ್ಟು ತಾಸು ಕೈಯಾಡಿಸಲು ಬಿಡುತ್ತಾರೆ ಎಂದು ಕೇಳಿ. ಬರೀ ವಿಡಿಯೋ ತೋರಿಸುವ ಕಡೆ ಫೀಸು ಕಟ್ಟಬೇಡಿ.