ಇಲಿಯಲ್ಲಿರುವುದು, ಬೋನ್‌ಲೆಸ್ ಚಿಕನ್‌ನಲ್ಲಿ ಇಲ್ಲದ್ದು

ಅಫಜಲಪುರ ತಾಲ್ಲೂಕಿನ ಹವಳಗಾ ಅಂದ್ರೆ ನಮ್ಮಲ್ಲಿ ಹಲವರಿಗೆ ನೆನಪಾಗೋದು ಸಕ್ಕರೆ ಕಾರ್ಖಾನೆ ಮತ್ತು ಕಬ್ಬು. ಕಬ್ಬು, ಜೋಳ ಇದ್ದಲ್ಲಿ ಇಲಿ ಇದ್ದೇ ಇರುತ್ತೆ. ಇಂಥ ಊರಲ್ಲಿ ಬೆಕ್ಕಿಗೆ ಮನೆಯವರು ಹಾಲು, ರೊಟ್ಟಿ ಚೂರು ಅಷ್ಟೇ ಹಾಕಿದರೂ ಅದು ಗಟ್ಟಿಯಾಗಿರಬಹುದು. ಹಾಸ್ಟೆಲ್ ಬೆಕ್ಕು ದಿನಾ ಬೋನ್‌ಲೆಸ್ ಚಿಕನ್ ತಿಂದೂ ಸೊರಗಬಹುದು. ಯಾಕೆ?

ಊರ ಬೆಕ್ಕಿನ ನಿಜವಾದ ಊಟ ಇಲಿ. ಇಡೀ ಇಲಿಯಲ್ಲಿ ಮಾಂಸದ ಜೊತೆ ಮೂಳೆ, ಲಿವರ್, ಹೃದಯ, ರಕ್ತ, ನೀರು ಎಲ್ಲವೂ ಬರುತ್ತೆ. ಬರೀ ಮಾಂಸ ಅದರ ಒಂದು ಭಾಗ ಮಾತ್ರ.

ಬೆಕ್ಕಿನ ದೇಹಕ್ಕೆ ಕೆಲವು ಮಿತಿಗಳಿವೆ. ಕ್ಯಾರೆಟ್‌ನ ಬೀಟಾ ಕೆರೋಟಿನ್‌ನಿಂದ ಅದು ವಿಟಮಿನ್ ಎ ಮಾಡಿಕೊಳ್ಳಲಾರದು. ಲಿವರ್‌ನಂಥ ಪದಾರ್ಥದಿಂದ ನೇರವಾಗಿ ಸಿಗಬೇಕು. ಟಾರಿನ್ ಅನ್ನೂ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಟಾರಿನ್ ಕಮ್ಮಿಯಾದ್ರೆ ಕಣ್ಣಿನ ರೆಟಿನಾ ಹಾಳಾಗುತ್ತೆ ಅಂತ 1975ರಲ್ಲೇ ಗೊತ್ತಾಗಿತ್ತು. 1987ರಲ್ಲಿ ಪಾಲ್ ಪಿಯಾನ್ ಮತ್ತು ಸಂಗಡಿಗರು ಹೃದಯವೂ ಹಿಗ್ಗಿ ದುರ್ಬಲವಾಗುತ್ತೆ, ಟಾರಿನ್ ಕೊಟ್ಟರೆ ಚೇತರಿಸಿಕೊಳ್ಳುತ್ತೆ ಅಂತ ತೋರಿಸಿದರು.

ಈಗ ನಮಗಿಷ್ಟವಾದ ಲೆಕ್ಕಕ್ಕೆ ಬರೋಣ. ಬೆಕ್ಕಿನ ಊಟದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕದ ಅನುಪಾತ ಸುಮಾರು 1.2:1 ಇರಲಿ ಅಂದುಕೊಳ್ಳೋಣ. 1 ಕೆಜಿ ಬೋನ್‌ಲೆಸ್ ಚಿಕನ್‌ನಲ್ಲಿ ರಂಜಕ ಸುಮಾರು 2000 ಮಿಗ್ರಾಂ, ಕ್ಯಾಲ್ಸಿಯಂ ಬರೀ 100 ಮಿಗ್ರಾಂ. ಬೇಕಾದ ಕ್ಯಾಲ್ಸಿಯಂ 2400; ಕೊರತೆ 2300 ಮಿಗ್ರಾಂ. 1 ಗ್ರಾಂ ಮೊಟ್ಟೆ ಚಿಪ್ಪಿನ ಪುಡಿಯಲ್ಲಿ ಸುಮಾರು 380 ಮಿಗ್ರಾಂ ಕ್ಯಾಲ್ಸಿಯಂ ಇದೆ. ಅಂದ್ರೆ ಸುಮಾರು 6 ಗ್ರಾಂ ಪುಡಿ ಬೇಕು. ಈ ಕೊರತೆ ಹಾಗೇ ಉಳಿದರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತೆ. ಬೆಳೆಯುವ ಮರಿಯಾದರೆ ಸಣ್ಣ ಜಿಗಿತಕ್ಕೇ ಕಾಲು ಮುರಿಯಬಹುದು.

ಇದು ಒಂದೇ ಸಮೀಕರಣ. ವಿಟಮಿನ್ ಇ, ಅಯೋಡಿನ್, ಸತು, ಕೊಬ್ಬಿನಾಮ್ಲಗಳಿಗೂ ಇಂಥದೇ ಲೆಕ್ಕ ಬೇಕು. ಹೃದಯದ ಮಾಂಸದಲ್ಲಿ ಟಾರಿನ್ ಚೆನ್ನಾಗಿದೆ. ಎದೆಭಾಗಕ್ಕಿಂತ ಕಾಲಿನ ಮಾಂಸ ಮೇಲು. ಲಿವರ್ ಬೇಕು, ಆದರೆ ಸ್ವಲ್ಪವೇ. ತಿಂಗಳುಗಟ್ಟಲೆ ಅತಿಯಾಗಿ ಕೊಟ್ಟರೆ ವಿಟಮಿನ್ ಎ ಹೆಚ್ಚಾಗಿ ಕತ್ತಿನ ಮೂಳೆಗಳು ಬೆಸೆದುಕೊಳ್ಳುತ್ತವೆ. ಕೆಲವು ಹಸಿ ಮೀನುಗಳಲ್ಲಿರುವ ಕಿಣ್ವ ವಿಟಮಿನ್ ಬಿ1 ಅನ್ನು ನಾಶ ಮಾಡುತ್ತೆ. ಬೇಯಿಸಿದ ಮೂಳೆಯನ್ನಂತೂ ಹಾಕಲೇಬೇಡಿ, ಅದು ಚೂಪಾಗಿ ಸೀಳುತ್ತೆ.

ಎಲ್ಲವನ್ನೂ ಸರಿದೂಗಿಸಿದರೂ ರೋಗಾಣುವಿನ ಭಯ ಉಳಿಯುತ್ತೆ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ ಇರಬಹುದು. ಫ್ರೀಜರ್‌ನಲ್ಲಿಟ್ಟರೆ ಅದು ಸಾಯಲ್ಲ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಆರೆಗಾನ್‌ನಲ್ಲಿ, ಫ್ರೀಜ್ ಮಾಡಿದ್ದ ಹಸಿ ಆಹಾರ ತಿಂದ ಬೆಕ್ಕೊಂದು ಹಕ್ಕಿಜ್ವರದಿಂದ ಸತ್ತಿತು. 2025ರ ಆರಂಭದಲ್ಲಿ ನಮ್ಮ ದೇಶದಲ್ಲೇ, ಮಧ್ಯಪ್ರದೇಶದ ಛಿಂದವಾಡಾದಲ್ಲಿ ಸಾಕುಬೆಕ್ಕುಗಳಲ್ಲಿ ಹಕ್ಕಿಜ್ವರ ಪತ್ತೆಯಾಯಿತು. ಇದರ ಮೇಲೆ ಕಲಬುರಗಿಯ ಬೇಸಿಗೆ ಬೇರೆ! ಮಾಂಸ ಗಂಟೆಗಟ್ಟಲೆ ತಟ್ಟೆಯಲ್ಲಿ ಕೂತರೆ ಮುಗೀತು.

ಹಾಗಾದ್ರೆ ಕ್ಯಾಂಪಸ್ ಬೆಕ್ಕಿಗೆ ಏನು ಹಾಕೋದು? ತೂಕದ ಯಂತ್ರ, ಫ್ರಿಜ್, ಪಶುವೈದ್ಯರು ನೋಡಿ ಒಪ್ಪಿದ ಪಟ್ಟಿ, ಈ ಮೂರೂ ಇಲ್ಲದೆ ಹಸಿ ಆಹಾರಕ್ಕೆ ಕೈ ಹಾಕೋದು ಬೇಡ. "ಸಂಪೂರ್ಣ ಮತ್ತು ಸಮತೋಲಿತ" ಎಂದು ನಮೂದಿಸಿರುವ ಬೆಕ್ಕಿನ ಆಹಾರವೇ ದಿನದ ಊಟವಾಗಲಿ, ಪಕ್ಕದಲ್ಲಿ ನೀರಿರಲಿ. ಚಿಕನ್ ಕೊಡಲೇಬೇಕು ಅನ್ನಿಸಿದರೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿ, ಮೂಳೆ ತೆಗೆದು, ಒಂದೆರಡು ಚೂರು ಕೊಡಿ. ಬೇಯಿಸಿದ ನೀರನ್ನೂ ಚೆಲ್ಲಬೇಡಿ, ಟಾರಿನ್ ಅದರಲ್ಲೇ ಇಳಿದಿರುತ್ತೆ.